ಪ್ಲಗ್ ಗುಂಡಿ ಒರೆಸುವ ಮೊದಲೇ ಇಂಜಿನ್ ಬಿಚ್ಚಲು ಒಪ್ಪಬೇಡಿ

"ಪ್ಲಗ್ಗಲ್ಲಿ ಆಯಿಲ್ ಬಂದಿದೆ ಸಾರ್. ರಿಂಗ್ ಹೋಗಿದೆ. ಇಂಜಿನ್ ಕೆಲಸ ಮಾಡಿಸಲೇಬೇಕು." ಮೆಕ್ಯಾನಿಕ್‌ನ ಈ ಮೂರು ಮಾತು ನಂಬಿ ರಾಜಾಜಿನಗರದ ಕಡೆಯ ಒಂದು ಮನೆಯವರು ₹42,000 ಕಳೆದುಕೊಂಡರು. 18 ದಿನದ ಆಟೋ ಖರ್ಚು ಬೇರೆ. ಕಾರು 2003ರದು, ನಾಲ್ಕು ಸಿಲಿಂಡರು, 16 ವಾಲ್ವು, ಕಿಡಿ ಹೊಡೆಯುವ ಪ್ಲಗ್ಗುಗಳು ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ನಟ್ಟನಡುವೆ ಆಳದ ಗುಂಡಿಯಲ್ಲಿ ಕೂರುವ ಮಾದರಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಒಂದೆರಡು ನಿಮಿಷ ಮಿಸ್ ಹೊಡೆಯುತ್ತಿತ್ತು, ಮಳೆ ಬಂದ ದಿನ ಇನ್ನೂ ಜಾಸ್ತಿ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇರಲಿಲ್ಲ, ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಪಿಸ್ಟನ್ನಿನ ಸುತ್ತ ಕೂತು ಆಯಿಲ್ ಮೇಲೇರದಂತೆ ತಡೆಯುವ ರಿಂಗ್ ಹೋದ ಇಂಜಿನ್ ಇಷ್ಟು ಸಭ್ಯವಾಗಿ ನಡೆದುಕೊಳ್ಳುವುದಿಲ್ಲ. ಆದರೆ ಅದನ್ನು ಯಾರೂ ಕೇಳಲೇ ಇಲ್ಲ.

ಗ್ಯಾರೇಜಿನಲ್ಲಿ ಆಗಿದ್ದಿಷ್ಟು. ಮೂರನೇ ಸಿಲಿಂಡರಿನ ವೈರ್ ಕಿತ್ತರು, ಪ್ಲಗ್ ಸ್ಪ್ಯಾನರ್ ಇಳಿಸಿದರು, ಸರಸರ ತಿರುಗಿಸಿ ಪ್ಲಗ್ ಎತ್ತಿದರು. ತುದಿಯಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ನೋಡಿದವರು ಯಾರೇ ಆದರೂ ಹೆದರಬೇಕಾದ ದೃಶ್ಯವೇ. ಆಮೇಲೆ ಸಿಲಿಂಡರಿನೊಳಗಿನ ಗಾಳಿಯ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದರು. ನಾಲ್ಕರಲ್ಲೂ 158ರಿಂದ 163 ಪಿಎಸ್‌ಐ ಬಂತು. ಕಂಪನಿಯ ಪುಸ್ತಕದಲ್ಲಿ 180 ಇದೆ, ನಿಮ್ಮದು 160, ತೀರ್ಮಾನ ಆಯಿತು. ಹೆಡ್ ಇಳಿಯಿತು, ಹೊಸ ರಿಂಗು, ಸಿಲಿಂಡರಿನ ಒಳಗೋಡೆ ಉಜ್ಜುವ ಹೋನಿಂಗು, ವಾಲ್ವ್ ಸೀಲು, ಹೆಡ್ ಗ್ಯಾಸ್ಕೆಟ್ಟು ಎಲ್ಲ ಆಯಿತು. ಮೂರು ವಾರ ಕಳೆಯುವಷ್ಟರಲ್ಲಿ ಅದೇ ಮಿಸ್ ವಾಪಸ್.

ಈ ಕತೆಯಲ್ಲಿ ಎರಡು ತಪ್ಪಿವೆ. ಎರಡೂ ಬೆಂಗಳೂರಿನಲ್ಲಿ ದಿನಾ ನಡೆಯುವಂಥವು.

ಮೊದಲನೆಯದು ಗುಂಡಿಯದ್ದು. ಈ ಮಾದರಿಯ ಇಂಜಿನ್‌ಗಳಲ್ಲಿ ಹೆಡ್ಡಿನ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರಿನ ಒಳಗೆಲ್ಲ ಆಯಿಲ್ ಚಿಮ್ಮುತ್ತಿರುತ್ತದೆ. ಅದರ ನಡುವೆ ನಾಲ್ಕು ಕೊಳವೆ, ಅದರ ತಳದಲ್ಲಿ ಪ್ಲಗ್ಗು. ಕೊಳವೆಗೂ ಕವರಿಗೂ ನಡುವೆ ಒಂದೊಂದು ರಬ್ಬರ್ ಉಂಗುರ ಇರುತ್ತದೆ. ಇದೇ ಟ್ಯೂಬ್ ಸೀಲ್. ಹತ್ತಿಪ್ಪತ್ತು ವರ್ಷದ ಶಾಖಕ್ಕೆ ಅದು ಗಟ್ಟಿಯಾಗಿ ಬಿರುಕು ಬಿಟ್ಟರೆ ಆಯಿಲ್ ನಿಧಾನಕ್ಕೆ ಕೊಳವೆಯೊಳಗೆ ಇಳಿದು ಪ್ಲಗ್ಗಿನ ಸುತ್ತ ಕೆರೆ ಕಟ್ಟುತ್ತದೆ. ಅದು ದಹನಕೋಣೆಗೆ ಹೋಗಿರುವುದಿಲ್ಲ, ಹೊರಗೇ ನಿಂತಿರುತ್ತದೆ. ಹಾಗೆ ನಿಂತಿದ್ದನ್ನು ಒರೆಸದೆ ಪ್ಲಗ್ ಸಡಿಲಿಸಿದರೆ ಅಷ್ಟೂ ಆಯಿಲ್ ಥ್ರೆಡ್ ಮೂಲಕ ಕೆಳಕ್ಕೆ ಜಾರುತ್ತದೆ, ಪ್ಲಗ್ ಮೇಲೆತ್ತುವಾಗ ತುದಿ ಅದರಲ್ಲೇ ಮುಳುಗಿ ಬರುತ್ತದೆ. ನೀವು ನೋಡುವ ಒದ್ದೆ ತುದಿ ಬಿಚ್ಚುವಾಗ ಆದ ಒದ್ದೆ. ಮಿಸ್ ಹೊಡೆಯಲು ಕಾರಣ ಬೇರೆ: ಆಯಿಲ್‌ನಲ್ಲಿ ನೆನೆದ ಪ್ಲಗ್ ವೈರಿನ ರಬ್ಬರ್ ಟೋಪಿ ಊದಿಕೊಂಡು ಮೆತ್ತಗಾಗಿ, ಕರೆಂಟು ತುದಿಗೆ ಹೋಗುವ ಬದಲು ಪಿಂಗಾಣಿಯ ಮೈಮೇಲೆ ಹರಿದು ಹೆಡ್ಡಿಗೆ ಇಳಿಯುತ್ತದೆ. ಮಳೆಗಾಲದ ತೇವ ಸೇರಿದರೆ ಕೇಳುವುದೇ ಬೇಡ.

ಆದ್ದರಿಂದ ಪ್ಲಗ್ ಬಿಚ್ಚುವ ಕ್ರಮ ಮುಖ್ಯ. ಇಂಜಿನ್ ಪೂರ್ತಿ ತಣ್ಣಗಿರಲಿ, ಅಲ್ಯೂಮಿನಿಯಂ ಹೆಡ್ ಬಿಸಿ ಇರುವಾಗ ಬಿಚ್ಚಿದರೆ ಥ್ರೆಡ್ ಕಿತ್ತು ಬರಬಹುದು. ವೈರುಗಳಿಗೆ ನಂಬರ್ ಬರೆದ ಟೇಪ್ ಅಂಟಿಸಿ, ಟೋಪಿ ಹಿಡಿದು ಎಳೆಯಿರಿ, ವೈರ್ ಹಿಡಿದಲ್ಲ. ಈಗ ಪ್ಲಗ್ ಮುಟ್ಟದೆ ಟಾರ್ಚ್ ಬಿಟ್ಟು ಗುಂಡಿಯೊಳಗೆ ನೋಡಿ, ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ತಳದಲ್ಲಿ ಕನ್ನಡಿಯ ಹಾಗೆ ಹೊಳೆದರೆ ಅಲ್ಲಿ ಆಯಿಲ್ ನಿಂತಿದೆ. ಸಿರಿಂಜಿಗೆ ಸಣ್ಣ ಪೈಪ್ ಸಿಕ್ಕಿಸಿ ಹೀರಿ, ಉಳಿದಿದ್ದನ್ನು ಉದ್ದ ಸ್ಕ್ರೂಡ್ರೈವರಿಗೆ ಹತ್ತಿಬಟ್ಟೆ ಸುತ್ತಿ ಒರೆಸಿ. ಒಣಗಿದ ಮೇಲೆ ಪ್ಲಗ್ಗನ್ನು ಅರ್ಧ ಸುತ್ತು ಸಡಿಲಿಸಿ, ಗಾಳಿ ಹೊಡೆದು ಕಸ ಹಾರಿಸಿ, ಆಮೇಲೆ ಪೂರ್ತಿ ತೆಗೆಯಿರಿ. ಹಳೆಯ ಮಾರುತಿ 800 ಥರದ ಕಾರುಗಳಲ್ಲಿ ಪ್ಲಗ್ಗು ಹೊರಗೇ ಕಾಣುವ ಹಾಗೆ ಪಕ್ಕದಲ್ಲಿರುವುದರಿಂದ ಈ ಗುಂಡಿಯ ರಗಳೆ ಇಲ್ಲ, ಅಲ್ಲಿ ಒದ್ದೆ ತುದಿ ಕಂಡರೆ ಅದನ್ನು ನಂಬಬಹುದು.

ತೆಗೆದ ಪ್ಲಗ್ಗುಗಳನ್ನು ಮೊಟ್ಟೆ ಟ್ರೇಯಲ್ಲಿ 1, 2, 3, 4 ಎಂದು ಸಾಲಾಗಿ ನಿಲ್ಲಿಸಿ, ಬೆರಕೆ ಮಾಡಬೇಡಿ. ಮೇಲಿನ ಪಿಂಗಾಣಿ, ಸ್ಪ್ಯಾನರ್ ಕೂರುವ ಷಡ್ಭುಜ, ಥ್ರೆಡ್ಡು ಒದ್ದೆ ಇದ್ದು ಒಳ ತುದಿ ನಸುಗಂದು ಬಣ್ಣಕ್ಕೆ ಒಣಗಿದ್ದರೆ ಸೀಲಿನದ್ದೇ ಕೆಲಸ. ತುದಿ ಕಪ್ಪಾಗಿದ್ದರೆ ಬೆರಳಲ್ಲಿ ಉಜ್ಜಿ ನೋಡಿ. ದೀಪದ ಕಾಡಿಗೆಯ ಹಾಗೆ ಪುಡಿಪುಡಿ, ಹೊಳಪಿಲ್ಲದ ಕಪ್ಪು ಬಂದರೆ ಅದು ಆಯಿಲ್ ಅಲ್ಲ, ಪೆಟ್ರೋಲ್ ಜಾಸ್ತಿಯಾದ ಮಸಿ. ಹೊಳೆಯುವ, ಅಂಟಂಟಾದ ಕಪ್ಪು ಆದರೆ ಆಯಿಲ್. ಬರೀ ಒದ್ದೆ ಇದ್ದು ಅನುಮಾನವಾದರೆ ಟಿಶ್ಯೂ ಕಾಗದಕ್ಕೆ ಒತ್ತಿ ಐದು ನಿಮಿಷ ಬಿಡಿ. ಪೆಟ್ರೋಲ್ ಹಾರಿಹೋಗುತ್ತದೆ, ಆಯಿಲ್ ಬೋಂಡಾ ಕಟ್ಟಿದ ಪೇಪರಿನ ಹಾಗೆ ಪಾರದರ್ಶಕ ಕಲೆ ಉಳಿಸುತ್ತದೆ.

ಮಸಿಗೆ ಈ ಊರು ಹೇಳಿ ಮಾಡಿಸಿದ ಜಾಗ. ಪ್ಲಗ್ ತುದಿ ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಸುಮಾರು 450 ಡಿಗ್ರಿ ಬೇಕು. ಮನೆಯಿಂದ ಎರಡು ಕಿಲೋಮೀಟರು ತರಕಾರಿಗೆ, ಅಲ್ಲಿಂದ ವಾಪಸ್, ನಡುವೆ ನಾಲ್ಕು ಸಿಗ್ನಲ್. ಆ ಶಾಖಕ್ಕೆ ಅದು ಮುಟ್ಟುವುದೇ ಇಲ್ಲ. ಕಾರ್ಬುರೇಟರ್ ಗಾಡಿಗಳಲ್ಲಿ ಇನ್ನೊಂದು: ಸಮುದ್ರಮಟ್ಟದ ಲೆಕ್ಕಕ್ಕೆ ಹಾಕಿದ ಜೆಟ್, ಅಂದರೆ ಪೆಟ್ರೋಲ್ ಬರುವ ಸಣ್ಣ ತೂತು, ಈ ಎತ್ತರದ ತೆಳು ಗಾಳಿಗೆ ತುಸು ಹೆಚ್ಚೇ ಪೆಟ್ರೋಲ್ ಕೊಡುತ್ತದೆ. ಜೊತೆಗೆ ಚೋಕ್ ಕೇಬಲ್ ಪೂರ್ತಿ ವಾಪಸಾಗದಿದ್ದರೆ ಮುಗಿಯಿತು. ಚೋಕ್, ಏರ್ ಫಿಲ್ಟರ್ ನೋಡಿಸಿ, ತುಮಕೂರು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿ ಮತ್ತೆ ನೋಡಿ.

ಎರಡನೇ ತಪ್ಪು ಗೇಜಿನದ್ದು, ಅದಕ್ಕೂ ಕಾರಣ ಇದೇ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಒತ್ತಡ ಸುಮಾರು ಶೇ 10 ಕಡಿಮೆ. ಸಿಲಿಂಡರಿಗೆ ಹೋಗುವ ಗಾಳಿಯೇ ಅಷ್ಟು ತೆಳುವಾದಾಗ ಗೇಜಿನಲ್ಲೂ ಅಷ್ಟೇ ಕಡಿಮೆ ಬರುತ್ತದೆ. ಪುಸ್ತಕದ 180 ಇಲ್ಲಿ 162 ಆಗುತ್ತದೆ. ಆ ಕಾರಿನ ಇಂಜಿನ್ ಚೆನ್ನಾಗಿಯೇ ಇತ್ತು ಎಂದು ಗೇಜ್ ಕೂಗಿ ಹೇಳುತ್ತಿತ್ತು! ನೋಡಬೇಕಾದದ್ದು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸವನ್ನು. ಮೂರು 160ರಲ್ಲಿದ್ದು ಒಂದು 120ಕ್ಕೆ ಬಿದ್ದರೆ ಅದು ರೋಗ.

ಪರೀಕ್ಷೆ ಮಾಡುವ ರೀತಿಯೂ ಸರಿ ಇರಬೇಕು. ಈ ಪರೀಕ್ಷೆಗೆ ಮಾತ್ರ ಇಂಜಿನ್ ಬೆಚ್ಚಗಿರಬೇಕು: ಓಡಿಸಿ ಬಿಸಿ ಮಾಡಿ, ಬಿಚ್ಚಲು ಕೈ ಸುಡದಷ್ಟು ಆರಲು ಬಿಡಿ. ನಾಲ್ಕೂ ಪ್ಲಗ್ ಹೊರಗಿರಲಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಪ್ಲಗ್ಗಿಗೆ ಕರೆಂಟು ಕೊಡುವ ಕಾಯಿಲ್ ಕನೆಕ್ಷನ್ ಬಿಡಿಸಿ. ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ಸುತ್ತು ಕ್ರ್ಯಾಂಕ್ ಮಾಡಬೇಕು. ಆಕ್ಸಿಲರೇಟರ್ ಒತ್ತದಿದ್ದರೆ, ಬ್ಯಾಟರಿ ಸೋತಿದ್ದರೆ ಅಂಕಿ ಸುಳ್ಳು. ಒಂದು ಸಿಲಿಂಡರ್ ಕಡಿಮೆ ಬಂದರೆ ಅದಕ್ಕೆ ಒಂದು ಟೀ ಚಮಚ, ಅಂದರೆ 5 ಮಿಲಿ, ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಧಡಕ್ಕನೆ ಏರಿದರೆ ರಿಂಗು ಅಥವಾ ಬೋರು (ಸಿಲಿಂಡರಿನ ಒಳಗೋಡೆ), ಕದಲದಿದ್ದರೆ ವಾಲ್ವು. ಗುಂಡಿಯ ಆಯಿಲ್ ಒಳಗೆ ಜಾರಿದ ಸಿಲಿಂಡರ್ ತಾನಾಗಿಯೇ ಈ ಪರೀಕ್ಷೆ ಮಾಡಿಕೊಂಡಿರುತ್ತದೆ, ಅದರ ಮೊದಲ ಅಂಕಿಯನ್ನೂ ನಂಬುವಂತಿಲ್ಲ.

ಇಷ್ಟಾದರೂ ಕಂಪ್ರೆಷನ್ ಚೆನ್ನಾಗಿದೆ ಎಂದ ಮಾತ್ರಕ್ಕೆ ಆಯಿಲ್ ಮೇಲೆ ಬರುತ್ತಿಲ್ಲ ಎಂದಲ್ಲ. ಆಯಿಲ್ ರಿಂಗು ಮಸಿ ಕಟ್ಟಿ ಜಾಮ್ ಆಗಿದ್ದರೆ, ವಾಲ್ವ್ ಸೀಲ್ ಒಣಗಿದ್ದರೆ ಗೇಜಿಗೆ ಗೊತ್ತಾಗುವುದಿಲ್ಲ. ಆಗ ಹೊಗೆಯನ್ನು ಕೇಳಬೇಕು. ಕಾರಿನ ಹಿಂದೆ ಒಬ್ಬರನ್ನು ನಿಲ್ಲಿಸಿ. ರಾತ್ರಿಯೆಲ್ಲ ನಿಂತು ಬೆಳಿಗ್ಗೆ ಸ್ಟಾರ್ಟ್ ಆದಾಗ ಒಂದು ಗುಕ್ಕು ನೀಲಿ ಹೊಗೆ, ಅಥವಾ ಸಿಲ್ಕ್ ಬೋರ್ಡ್‌ನಲ್ಲಿ ಮೂರು ನಿಮಿಷ ಐಡಲ್ ನಿಂತು ಹೊರಟಾಗ ಒಂದು ಗುಕ್ಕು, ಅಥವಾ ನಂದಿಬೆಟ್ಟ ಎರಡನೇ ಗೇರಿನಲ್ಲಿ ಇಳಿದು ಮತ್ತೆ ಆಕ್ಸಿಲರೇಟರ್ ಕೊಟ್ಟಾಗ ಹೊಗೆ ಬಂದರೆ ವಾಲ್ವ್ ಸೀಲು. ಲೋಡಿನಲ್ಲಿ ಏರುವಾಗ ಬಿಡದೆ ನೀಲಿ ಬಂದು, ಆಯಿಲ್ ಮುಚ್ಚಳ ತೆಗೆದರೆ ಉಸಿರಿನ ಹಾಗೆ ಹೊಗೆ ತಳ್ಳಿದರೆ ರಿಂಗು. ವಾಲ್ವ್ ಸೀಲ್ ಬದಲಿಸಲು ಎಷ್ಟೋ ಇಂಜಿನ್‌ಗಳಲ್ಲಿ ಹೆಡ್ ಇಳಿಸಬೇಕಿಲ್ಲ, ಪ್ಲಗ್ ತೂತಿನಿಂದ ಸಿಲಿಂಡರಿಗೆ ಗಾಳಿ ತುಂಬಿ ವಾಲ್ವ್ ಎತ್ತಿ ಹಿಡಿದು ಮೇಲಿಂದಲೇ ಮಾಡಬಹುದು. ಬೇಗ ಒಪ್ಪುವ ಗ್ಯಾರೇಜು ಮಾತ್ರ ಕಡಿಮೆ.

ನಾಲ್ಕೂ ಪ್ಲಗ್ ಒಂದೇ ಥರ ಒಳಗಿನಿಂದ ಒದ್ದೆ ಇದ್ದರೆ ರಿಂಗ್ ಎನ್ನುವ ಮೊದಲು ಇಂಜಿನ್ನಿನ ಕೆಳಗಿನ ಒತ್ತಡದ ಗಾಳಿಯನ್ನು ಹೊರಬಿಡುವ ಪಿಸಿವಿ ವಾಲ್ವ್ ನೋಡಿ. ಕೈಯಲ್ಲಿ ಅಲುಗಾಡಿಸಿದರೆ ಟಕಟಕ ಎನ್ನಬೇಕು, ಐಡಲ್‌ನಲ್ಲಿ ಅದರ ಬಾಯಿಗೆ ಬೆರಳಿಟ್ಟರೆ ಎಳೆಯಬೇಕು. ಅದು ಕಟ್ಟಿಕೊಂಡರೆ ಕೆಳಗಿನ ಒತ್ತಡ ಆಯಿಲ್ಲನ್ನು ಎಲ್ಲೆಂದರಲ್ಲಿ ತಳ್ಳುತ್ತದೆ, ಟ್ಯೂಬ್ ಸೀಲನ್ನೂ ಅದೇ ಬೇಗ ಕೆಡಿಸುತ್ತದೆ. ಡಿಪ್‌ಸ್ಟಿಕ್‌ನ ಮೇಲಿನ ಗೆರೆ ದಾಟಿ ಆಯಿಲ್ ಸುರಿದಿದ್ದಾರೆಯೇ ಎಂಬುದನ್ನೂ ನೋಡಿ.

ಹಾಟ್ ಪ್ಲಗ್ ಹಾಕಿಬಿಡೋಣ ಎಂದರೆ ಬೇಡ ಎನ್ನಿ. ಎನ್‌ಜಿಕೆ ಕಂಪನಿಯ ಪ್ಲಗ್ಗಿನಲ್ಲಿ ಶಾಖದ ಸಂಖ್ಯೆ 6ರ ಬದಲು 5 ಇರುವುದನ್ನು ಹಾಕಿದರೆ ತುದಿ ಹೆಚ್ಚು ಬಿಸಿಯಾಗಿ ಆಯಿಲ್ ಸುಟ್ಟುಕೊಳ್ಳುತ್ತದೆ ನಿಜ, ಆದರೆ ಹೈವೇಯಲ್ಲಿ ಅದೇ ಬಿಸಿ ಪಿಸ್ಟನ್ನಿಗೆ ಕುತ್ತು. ಬಾಷ್‌ನಲ್ಲಿ ಲೆಕ್ಕ ಉಲ್ಟಾ, ದೊಡ್ಡ ಸಂಖ್ಯೆಯೇ ಹಾಟ್. ಆಯಿಲ್ ಹಿಡಿದ ಪ್ಲಗ್ಗಿಗೆ ನೇರ ಮರಳು ಹೊಡೆಸುವುದೂ ಬೇಡ, ಮರಳು ಅಂಟಿನಲ್ಲಿ ಕೂತು ಆಮೇಲೆ ಸಿಲಿಂಡರಿಗೆ ಬೀಳುತ್ತದೆ.

ರಾಜಾಜಿನಗರದ ಕಾರಿಗೆ ಕೊನೆಗೆ ಬೇಕಾಗಿದ್ದು ನಾಲ್ಕು ಟ್ಯೂಬ್ ಸೀಲು, ಒಂದು ಕವರ್ ಗ್ಯಾಸ್ಕೆಟ್ಟು, ಒಂದು ಸೆಟ್ ಪ್ಲಗ್ ವೈರು, ಪ್ಲಗ್ಗು. ಜೆ.ಸಿ. ರಸ್ತೆಯಲ್ಲಿ ಸೀಲ್ ಸೆಟ್ಟಿಗೆ ಕೆಲವು ನೂರು ರೂಪಾಯಿ. ಅಷ್ಟು ದೊಡ್ಡ ಕೆಲಸ ಮಾಡಿದವರು ಕವರ್ ಗ್ಯಾಸ್ಕೆಟ್ ಹೊಸದು ಹಾಕಿ, ಬೇರೆಯಾಗಿ ಸಿಗುವ ಟ್ಯೂಬ್ ಸೀಲ್ ಮಾತ್ರ ಹಳೆಯದನ್ನೇ ಕೂರಿಸಿ, ಸುತ್ತ ಸಿಲಿಕಾನ್ ಪೇಸ್ಟ್ ಬಳಿದಿದ್ದರು. ಕಿತ್ತು ತೆಗೆದ ಸೀಲನ್ನು ಎರಡು ಬೆರಳಲ್ಲಿ ಬಗ್ಗಿಸಿದರೆ ಹಪ್ಪಳದ ಹಾಗೆ ಚಟ್ಟೆಂದು ಮುರಿಯಿತು. ಹಿಂಡಿದ ಪೇಸ್ಟಿನ ಚೂರುಗಳು ಕವರಿನೊಳಗೆ ಎರೆಹುಳದಂತೆ ತೂಗುತ್ತಿದ್ದವು. ಅವು ಆಯಿಲ್ ಪಂಪಿನ ಜರಡಿಗೆ ಬಿದ್ದರೆ ಆಗ ನಿಜವಾಗಿಯೂ ಇಂಜಿನ್ ಕೆಲಸ ಬರುತ್ತದೆ.

ಕವರ್ ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು, ಮೈಮೇಲೆ ಬಿದ್ದು ಬಿಗಿದರೆ ಹೊಸ ರಬ್ಬರೂ ಜಜ್ಜುತ್ತದೆ. 14 ಮಿಮೀ ಪ್ಲಗ್ಗನ್ನು ಕೈಯಲ್ಲೇ ತಿರುಗಿಸಿ ಕೂರಿಸಿ, ಹೊಸ ವಾಷರ್ ಇದ್ದರೆ ಅಲ್ಲಿಂದ ಅರ್ಧದಿಂದ ಮುಕ್ಕಾಲಿಗೂ ತುಸು ಕಡಿಮೆ ಸುತ್ತು. ಹಳೆಯ ಭಾಗಗಳನ್ನು ಕೇಳಿ ಮನೆಗೆ ತನ್ನಿ. 200 ಕಿಲೋಮೀಟರ್ ಓಡಿಸಿದ ಮೇಲೆ ವೈರ್ ತೆಗೆದು, ಪ್ಲಗ್ ಮುಟ್ಟದೆ, ಬಿಳಿ ಬಟ್ಟೆ ಸುತ್ತಿದ ಕಡ್ಡಿಯನ್ನು ಗುಂಡಿಯ ತಳಕ್ಕೆ ಮುಟ್ಟಿಸಿ ನೋಡಿ. ಬಟ್ಟೆ ಒಣಗಿಯೇ ಬಂದರೆ ಮತ್ತೆ ಮುಚ್ಚಿಬಿಡಿ.