ಫ್ರೆಟ್‌ಬೋರ್ಡ್ ಕಲಿಯಲು: ಸ್ವರದ ಹೆಸರೋ, ಕಾರ್ಡ್ ಆಕಾರವೋ, ಸರಿಗಮವೋ?

ಬೆಳಗಾವಿಯ ತಮ್ಮನೊಬ್ಬ ಕೇಳಿದ್ದಾನೆ: ಗುರುಗಳಿಲ್ಲದೆ ಗಿಟಾರ್ ಕಲಿಯುತ್ತಿದ್ದೇನೆ, ಫ್ರೆಟ್‌ಬೋರ್ಡ್ (ಗಿಟಾರಿನ ಕತ್ತಿನ ಮೇಲೆ ಬೆರಳು ಒತ್ತುವ ಪಟ್ಟಿ) ಅರ್ಥವಾಗಲು ಯಾವ ದಾರಿ ಹಿಡಿಯಲಿ?

ಬೇಗ ಹಾಡಿಗೆ ಸಾಥ್ ಕೊಡಬೇಕಾ? ಹಾಗಾದರೆ ಸಿ, ಎ, ಜಿ, ಇ, ಡಿ ಎಂಬ ಐದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಆಕಾರಗಳನ್ನು ಮೇಲೆ ಕೆಳಗೆ ಸರಿಸಲು ಕಲಿ. ಆದರೆ ಬೆರಳಿಗೆ ಗೊತ್ತಿದ್ದದ್ದು ತಲೆಗೆ ಗೊತ್ತಿರುವುದಿಲ್ಲ.

ಸಿ, ಡಿ, ಇ ಎಂಬ ಸ್ವರದ ಹೆಸರು ಕಲಿಯುವುದು ನಿಧಾನ. ಆರು ತಂತಿ, 12 ಫ್ರೆಟ್ (ಪಟ್ಟಿಯ ಮೇಲೆ ಲೋಹದ ಗೆರೆಗಳು ಮಾಡುವ ಮನೆ), ಒಟ್ಟು 72 ಜಾಗ. ಹೆದರಬೇಡ, ಮೊದಲು 6 ಮತ್ತು 5ನೇ ತಂತಿ (ಅತಿ ದಪ್ಪನೆಯ ಎರಡು) ಸಾಕು. ಅಲ್ಲಿಂದ ಎರಡು ತಂತಿ ಆಚೆ, ಎರಡು ಫ್ರೆಟ್ ಮುಂದೆ ಅದೇ ಸ್ವರ ಮೇಲಿನ ಸಪ್ತಕದಲ್ಲಿ ಸಿಗುತ್ತದೆ. ಬ್ಯಾಂಡಿನಲ್ಲಿ ನುಡಿಸುವವರಿಗೆ ಇದು ಬೇಕೇ ಬೇಕು.

ನನಗೆ ಜಾಸ್ತಿ ಇಷ್ಟ ಸರಿಗಮದ ದಾರಿ. ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರು 1924ರಲ್ಲಿ ಹುಟ್ಟಿದ ಸುಳೇಭಾವಿ ನಿಮ್ಮೂರ ಹತ್ತಿರವೇ ಇದೆ, ಅಲ್ವಾ? ಭಜನೆಯ ಪೇಟಿ (ಹಾರ್ಮೋನಿಯಂ) ಕೇಳಿ ಬೆಳೆದ ಕಿವಿಗೆ ಇದು ಸುಲಭ. 'ಸಾ' ಎಲ್ಲಿ ಇಟ್ಟುಕೊಂಡರೂ ಪಕ್ಕದ ತೆಳು ತಂತಿಯ ಅದೇ ಫ್ರೆಟ್ 'ಮ', ಎರಡು ಮುಂದೆ 'ಪ'. 3ರಿಂದ 2ನೇ ತಂತಿಗೆ ದಾಟುವಾಗ ಮಾತ್ರ ಒಂದು ಫ್ರೆಟ್ ಹೆಚ್ಚು. ಶ್ರುತಿ ಬದಲಾದರೂ ಈ ಲೆಕ್ಕ ಬದಲಾಗದು. ಹಾಡು ಕೇಳಿ ಹಿಡಿಯುವವರಿಗೆ ಹೇಳಿ ಮಾಡಿಸಿದ್ದು. ಆದರೆ ಯಾರಾದರೂ "ಜಿ ಇಂದ ಶುರು ಮಾಡು" ಅಂದರೆ ತಡವರಿಸುತ್ತೀಯ.