ವಲ್ಕನ್, ಕ್ಯಾಂಟರ್, ಇಲ್ಲವೇ ಸಾದಾ ಕ್ಯಾಪ್ಟನ್: ಯಾರಿಗೆ ಪಾಯಿಂಟ್ ಸುರಿಯಬೇಕು?

ವಾರ್‌ಹ್ಯಾಮರ್ 40,000 ಎಂಬ, ಮೇಜಿನ ಮೇಲೆ ಪುಟ್ಟ ಬೊಂಬೆಗಳನ್ನಿಟ್ಟು ದಾಳ ಎಸೆದು ಆಡುವ ಯುದ್ಧದಾಟದ ಐದನೇ ಆವೃತ್ತಿಯನ್ನು ಈಗಲೂ ಬಿಡದೆ ಆಡುವವರಿಗೆ ಸ್ಪೇಸ್ ಮರೀನ್ ಸೇನೆಯ ಲಿಸ್ಟ್ (ಪಾಯಿಂಟ್ ಮಿತಿಯೊಳಗೆ ಆರಿಸಿದ ಯೋಧರ ಪಟ್ಟಿ) ಬರೆಯಲು ಕೂತಾಗ ಮೊದಲು ತಲೆ ತಿನ್ನುವುದು ಎಚ್‌ಕ್ಯು, ಅಂದರೆ ಸೇನಾನಾಯಕನ ಜಾಗ. 2008ರ ಕೋಡೆಕ್ಸ್‌ನಲ್ಲಿ (ಸೇನೆಯ ನಿಯಮ ಪುಸ್ತಕ) ಸಲಮಾಂಡರ್ಸ್ ಪಡೆಯ ವಲ್ಕನ್ ಹಿಸ್ಟಾನ್‌ಗೆ 190 ಪಾಯಿಂಟ್, ಕ್ರಿಮ್ಸನ್ ಫಿಸ್ಟ್ಸ್‌ನ ಪೆಡ್ರೊ ಕ್ಯಾಂಟರ್‌ಗೆ 175, ಹೆಸರಿಲ್ಲದ ಕ್ಯಾಪ್ಟನ್‌ಗೆ 100. ಇಷ್ಟನ್ನೇ ನೋಡಿ ಹೆಸರಿರುವವರು ದುಬಾರಿ ಅಂದುಬಿಡುವುದು ಸುಲಭ.

ಸಾದಾ ಕ್ಯಾಪ್ಟನ್‌ಗೆ ವಲ್ಕನ್‌ನ ಸಾಮಾನನ್ನೇ ಕೊಟ್ಟು ನೋಡಿ. ರೆಲಿಕ್ ಬ್ಲೇಡ್‌ಗೆ 30, ಸ್ಟಾರ್ಮ್ ಶೀಲ್ಡ್‌ಗೆ 15, ಆರ್ಟಿಫಿಸರ್ ಆರ್ಮರ್‌ಗೆ 15, ಒಟ್ಟು 160. ಇಬ್ಬರಿಗೂ 2+ ಸೇವ್ (ದಾಳದಲ್ಲಿ 2 ಅಥವಾ ಹೆಚ್ಚು ಬಿದ್ದರೆ ಏಟು ತಪ್ಪುತ್ತದೆ), 3+ ಇನ್‌ವಲ್ನರಬಲ್ (ಕವಚ ಸೀಳುವ ಆಯುಧದ ಎದುರೂ ನಿಲ್ಲುವ ಸೇವ್), ಮೂರು ವೂಂಡ್ (ತಾಳುವ ಗಾಯಗಳ ಸಂಖ್ಯೆ). ಉಳಿದ 30 ಪಾಯಿಂಟ್‌ಗೆ ವಲ್ಕನ್ ಕೈಗೆ ಹೆವಿ ಫ್ಲೇಮರ್ ಬರುತ್ತದೆ, ಅದಕ್ಕಿಂತ ಮುಖ್ಯವಾಗಿ ಇಡೀ ಆರ್ಮಿಗೆ ಒಂದು ನಿಯಮ ಸಿಗುತ್ತದೆ: ಫ್ಲೇಮರ್, ಹೆವಿ ಫ್ಲೇಮರ್, ಟ್ಯಾಂಕ್ ಕರಗಿಸುವ ಮೆಲ್ಟಾಗನ್, ಮಲ್ಟಿ-ಮೆಲ್ಟಾ ಎಲ್ಲವೂ ಟ್ವಿನ್-ಲಿಂಕ್ಡ್ (ಗುರಿ ತಪ್ಪಿದರೆ ದಾಳವನ್ನು ಮತ್ತೆ ಎಸೆಯಬಹುದು), ಥಂಡರ್ ಹ್ಯಾಮರ್‌ಗಳೆಲ್ಲ ಮಾಸ್ಟರ್-ಕ್ರಾಫ್ಟೆಡ್ (ತಪ್ಪಿದ ಒಂದು ಹೊಡೆತಕ್ಕೆ ಮಾತ್ರ ಮರು ಎಸೆತ).

ಆದರೆ ಈ ಲೆಕ್ಕದಲ್ಲಿ ಒಂದು ಮೋಸ ಇದೆ. 160 ಪಾಯಿಂಟ್‌ನ ಕ್ಯಾಪ್ಟನ್‌ನನ್ನು ಗೆಲ್ಲಬೇಕೆಂದು ಬಂದ ಯಾರೂ ಇಳಿಸುವುದಿಲ್ಲ. ಆ ಜಾಗಕ್ಕೆ ವಲ್ಕನ್‌ನ ನಿಜವಾದ ಎದುರಾಳಿ 100 ಪಾಯಿಂಟ್‌ನ ಲೈಬ್ರೇರಿಯನ್, ಅಂದರೆ ಮನಃಶಕ್ತಿ ಬಳಸುವ ಎಚ್‌ಕ್ಯು. ಅವನಿಗೆ ಎದುರಾಳಿಯ ಮನಃಶಕ್ತಿಯನ್ನು ತಡೆಯುವ ಸೈಕಿಕ್ ಹುಡ್ ಜೊತೆಗೇ ಬರುತ್ತದೆ. ಹಾಗಾಗಿ ನೀವು ಕೊಡುತ್ತಿರುವ ಹೆಚ್ಚುವರಿ ಬೆಲೆ 30 ಅಲ್ಲ, 90.

ಆ 90 ಎಲ್ಲಿ ವಾಪಸ್ ಬರುತ್ತದೆ? ಬಿಎಸ್ (ಗುರಿಯಿಡುವ ಕೌಶಲ) 4 ಇರುವ ಮರೀನ್‌ನ ಗುರಿ ಮೂರರಲ್ಲಿ ಎರಡು ಸಲ ತಾಗುತ್ತದೆ. ಟ್ವಿನ್-ಲಿಂಕ್ಡ್ ಆದಾಗ ಒಂಬತ್ತರಲ್ಲಿ ಎಂಟು. ಅಂದರೆ ಆರು ಮೆಲ್ಟಾ ಎಂಟರ ಕೆಲಸ ಮಾಡುತ್ತವೆ. ಮಲ್ಟಿ-ಮೆಲ್ಟಾ ಇರುವ ಲ್ಯಾಂಡ್ ಸ್ಪೀಡರ್ ವಾಹನಕ್ಕೆ 60 ಪಾಯಿಂಟ್, ಆದ್ದರಿಂದ ಆ ಎರಡು ಹೆಚ್ಚುವರಿ ಮೆಲ್ಟಾಗಳ ಬೆಲೆ 120. ನಾಲ್ಕೇ ಮೆಲ್ಟಾ ಇದ್ದರೆ ಲಾಭ 80ಕ್ಕೆ ನಿಲ್ಲುತ್ತದೆ, ಕೈಯಿಂದ 10 ಹೋಗುತ್ತದೆ. ಲ್ಯಾಂಡ್ ರೈಡರ್ ಎಂಬ ಭಾರೀ ಟ್ಯಾಂಕ್ ಎದುರು ಆಯುಧದ ವ್ಯಾಪ್ತಿಯ ಅರ್ಧ ದೂರದೊಳಗಿನಿಂದ ಎರಡು ಮೆಲ್ಟಾ ಹೊಡೆದರೆ ಅದು ಉರುಳುವ ಸಾಧ್ಯತೆ ಸುಮಾರು 38 ಶೇಕಡಾ. ವಲ್ಕನ್ ಇದ್ದರೆ 48.

ಎಣಿಸುವಾಗ ಎಚ್ಚರ ಬೇಕು. ಹತ್ತು ಜನರ ಟ್ಯಾಕ್ಟಿಕಲ್ ಸ್ಕ್ವಾಡ್‌ಗೆ ಮಲ್ಟಿ-ಮೆಲ್ಟಾ ಪುಕ್ಕಟೆ ಸಿಗುತ್ತದೆ ಎಂದು ಎಲ್ಲರೂ ಹಾಕಿಕೊಳ್ಳುತ್ತಾರೆ. ಅದು ಹೆವಿ ಆಯುಧ. ಸ್ಕ್ವಾಡ್ ಕದಲಿದರೆ, ಇಲ್ಲವೇ ಅವರು ಕೂತ ರೈನೋ (ಸಾಗಣೆ ವಾಹನ) ಕದಲಿದರೆ ಆ ಟರ್ನ್‌ನಲ್ಲಿ ಅದನ್ನು ಹಾರಿಸುವಂತೆಯೇ ಇಲ್ಲ. ಲೆಕ್ಕಕ್ಕುಂಟು ಆಟಕ್ಕಿಲ್ಲ. ಲ್ಯಾಂಡ್ ರೈಡರ್ ರಿಡೀಮರ್‌ನ ಫ್ಲೇಮ್‌ಸ್ಟಾರ್ಮ್ ಕ್ಯಾನನ್ ಹೆಸರಲ್ಲಿ ಬೆಂಕಿ ಇದ್ದರೂ ವಲ್ಕನ್ ನಿಯಮದ ಪಟ್ಟಿಯಲ್ಲಿಲ್ಲ, ಅದನ್ನು ಸೇರಿಸಿಕೊಂಡು ಜಗಳಕ್ಕೆ ಬರುವವರು ಇದ್ದೇ ಇರುತ್ತಾರೆ. ಫ್ಲೇಮರ್‌ಗಳಿಗೆ ಮಾತ್ರ ಲಾಭ ಇನ್ನೂ ದೊಡ್ಡದು: ಅವುಗಳ ಟೆಂಪ್ಲೇಟ್‌ಗೆ (ಮೇಜಿನ ಮೇಲಿಡುವ ಬೆಂಕಿಯಾಕಾರದ ಅಚ್ಚು) ತಾಗುವ ಎಸೆತವೇ ಇಲ್ಲದ್ದರಿಂದ ವೂಂಡ್ ಎಸೆತವನ್ನು ಮತ್ತೆ ಹಾಕಬಹುದು, ಟಿ4 (ದೇಹದ ಗಟ್ಟಿತನ 4) ಎದುರು ಸಾದಾ ಫ್ಲೇಮರ್‌ನ ವೂಂಡ್ ಅರ್ಧದಿಂದ ಮುಕ್ಕಾಲಿಗೆ ಏರುತ್ತದೆ. 200 ಪಾಯಿಂಟ್‌ನ ಥಂಡರ್ ಹ್ಯಾಮರ್ ಹಿಡಿದ ಐದು ಟರ್ಮಿನೇಟರ್‌ಗಳು (ಭಾರೀ ಕವಚದ ಯೋಧರು) ಡಬ್ಲ್ಯುಎಸ್ (ಕೈಕಾಳಗದ ಕೌಶಲ) 4 ಇರುವವರ ಎದುರು ಚಾರ್ಜ್ ಮಾಡಿದಾಗ ಸರಾಸರಿ ಏಳೂವರೆ ಹೊಡೆತ ತಾಗುವ ಕಡೆ ಒಂಬತ್ತೂವರೆ ದಾಟುತ್ತದೆ.

ಕಳೆದುಕೊಳ್ಳುವುದೂ ಇದೆ. ವಲ್ಕನ್ ಬಂದರೆ ಕಾಂಬ್ಯಾಟ್ ಟ್ಯಾಕ್ಟಿಕ್ಸ್ ಹೋಗುತ್ತದೆ; ಬೇಕೆಂದೇ ಮೊರೇಲ್ (ಸ್ಥೈರ್ಯ) ಪರೀಕ್ಷೆ ಸೋತು ಹಿಂದೆ ಸರಿದು ಮತ್ತೆ ಗುಂಡು ಹಾರಿಸುವ ಆಟಕ್ಕೆ ಅಭ್ಯಾಸವಾದವರಿಗೆ ಇದು ಚುಚ್ಚುತ್ತದೆ. ಅವನಿಗೆ ಜಂಪ್ ಪ್ಯಾಕ್ ಇಲ್ಲ, ಬೈಕ್ ಇಲ್ಲ. ಒಂದೇ ಏಟಿಗೆ ಸಾಯದಂತೆ ಕಾಯುವ ಎಟರ್ನಲ್ ವಾರಿಯರ್ ನಿಯಮ ಇಲ್ಲದ್ದರಿಂದ ಪವರ್ ಫಿಸ್ಟ್‌ನ ಒಂದು ವೂಂಡ್‌ಗೆ ಸೇವ್ ತಪ್ಪಿದರೂ ಮೂರೂ ವೂಂಡ್ ಒಟ್ಟಿಗೆ ಹೋಗುತ್ತವೆ. ದ್ವಂದ್ವಕ್ಕೆ ಕಳಿಸುವ ಬದಲು ಟರ್ಮಿನೇಟರ್‌ಗಳ ನಡುವೆ ಕೂರಿಸಿ.

ಕ್ಯಾಂಟರ್‌ನ ಲೆಕ್ಕ ಚಿಕ್ಕದು. ಚಾಪ್ಟರ್ ಮಾಸ್ಟರ್ 125, ಪವರ್ ಫಿಸ್ಟ್ 25, ಮೇಲಿನ 25 ಪಾಯಿಂಟ್‌ಗೆ ಡಾರ್ನ್ಸ್ ಆರೋ ಎಂಬ ಬಂದೂಕು, 12 ಇಂಚಿನೊಳಗಿನ ಸ್ನೇಹಿತ ಯೂನಿಟ್‌ಗಳಿಗೆ ಒಂದು ಹೆಚ್ಚುವರಿ ಅಟ್ಯಾಕ್, ಸ್ಟರ್ನ್‌ಗಾರ್ಡ್ ಎಂಬ ಹಿರಿಯ ಯೋಧರಿಗೆ ಸ್ಕೋರಿಂಗ್, ಅಂದರೆ ಆಬ್ಜೆಕ್ಟಿವ್ (ಗೆಲ್ಲಲು ಹಿಡಿಯಬೇಕಾದ ಗುರುತು) ಹಿಡಿಯುವ ಹಕ್ಕು. ಈ ಕೊನೆಯದಕ್ಕೇ ಅವನನ್ನು ಕೊಳ್ಳಬೇಕು. 250 ಪಾಯಿಂಟ್‌ನ ಹತ್ತು ಸ್ಟರ್ನ್‌ಗಾರ್ಡ್ ಐದೈದಾಗಿ ಒಡೆದರೆ ಎರಡು ಆಬ್ಜೆಕ್ಟಿವ್ ಹಿಡಿಯುತ್ತಾರೆ. ಲಿಸ್ಟ್‌ನಲ್ಲಿ ಸ್ಟರ್ನ್‌ಗಾರ್ಡ್ ಇಲ್ಲದಿದ್ದರೆ ಕ್ಯಾಂಟರ್ ಬೇಡ, ಅಷ್ಟೇ. ಇಬ್ಬರನ್ನೂ ಒಟ್ಟಿಗೆ ಇಳಿಸಿದರೆ ಚಾಪ್ಟರ್ ಟ್ಯಾಕ್ಟಿಕ್ಸ್ (ಕಾಂಬ್ಯಾಟ್ ಟ್ಯಾಕ್ಟಿಕ್ಸ್ ಬದಲು ಹೆಸರಿರುವ ನಾಯಕ ತರುವ ನಿಯಮ) ಒಬ್ಬರದ್ದು ಮಾತ್ರ ನಡೆಯುತ್ತದೆ.

ಹೆಸರಿಲ್ಲದ ಕ್ಯಾಪ್ಟನ್ ಗೆಲ್ಲುವುದು ಒಂದೇ ಕಡೆ. 35 ಕೊಟ್ಟು ಬೈಕ್ ಹತ್ತಿಸಿದರೆ ಐದು ಅಥವಾ ಹೆಚ್ಚು ಬೈಕ್‌ಗಳ ಸ್ಕ್ವಾಡ್ ಟ್ರೂಪ್ಸ್, ಅಂದರೆ ಸೇನೆಯ ಮೂಲ ದಳ, ಆಗುತ್ತದೆ. 135 ಪಾಯಿಂಟ್‌ಗೆ ಇಡೀ ಆರ್ಮಿಗೆ ಚಕ್ರ ಬರುತ್ತದೆ. ವಲ್ಕನ್‌ನಿಂದ ಇದು ಆಗದು.

ನೀವೇ ಪರೀಕ್ಷಿಸುವುದಾದರೆ ಎಚ್‌ಕ್ಯು ಮತ್ತು ಪಾಯಿಂಟ್ ವ್ಯತ್ಯಾಸದ ಯೂನಿಟ್ ಬಿಟ್ಟು ಬೇರೇನೂ ಬದಲಿಸಬೇಡಿ. ವಲ್ಕನ್ ಇರುವ ಆಟದಲ್ಲಿ ಮರು ಎಸೆತಕ್ಕೆ ಬೇರೆ ಬಣ್ಣದ ದಾಳ ಇಟ್ಟುಕೊಂಡು, ಅದರಿಂದಲೇ ತಾಗಿದ ಹೊಡೆತಗಳನ್ನು ಟರ್ನ್‌ಗೆ ಒಂದು ಗೆರೆಯಂತೆ ಬರೆದಿಡಿ. ಮೂರನೇ ಟರ್ನ್ ಹೊತ್ತಿಗೂ ಕಾಗದ ಖಾಲಿಯಾಗಿದ್ದರೆ ಮೆಲ್ಟಾಗಳು ಹತ್ತಿರ ಹೋಗುತ್ತಿಲ್ಲ. ಆಗ ಬದಲಿಸಬೇಕಾದ್ದು ಬಹುಶಃ ರೈನೋಗಳನ್ನು ಓಡಿಸುವ ರೀತಿ, ವಲ್ಕನ್‌ನನ್ನಲ್ಲ.