ಬಿಳಿ ಚುಕ್ಕೆ ಮಾಯವಾದರೆ ರೋಗ ವಾಸಿಯಾಯಿತು ಅಂದುಕೊಳ್ಳಬೇಡಿ

ಉಪ್ಪುನೀರಿನ ಅಕ್ವೇರಿಯಂ ಇಟ್ಟಿರುವವರು, ಅದರಲ್ಲೂ ಸದ್ಯದಲ್ಲೇ ಹೊಸ ಮೀನು ತರುವ ಯೋಚನೆ ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಕಳೆದ ಮಳೆಗಾಲದಲ್ಲಿ ಒಂದೇ ಒಂದು ಹೊಸ ಮೀನು ತಂದು ಬಿಟ್ಟೆ. ಒಂದು ತಿಂಗಳೊಳಗೆ ಏಳು ಮೀನುಗಳಲ್ಲಿ ಐದು ಹೋದವು.

ನಮ್ಮ ಮನೆ ಕೊಡಗಿನ ಸುಂಟಿಕೊಪ್ಪದ ಹತ್ತಿರ, ತೋಟದೊಳಗೆ. ನಾಲ್ಕಡಿ ಟ್ಯಾಂಕು, ಸುಮಾರು 300 ಲೀಟರ್ ನೀರು, ಸ್ವಲ್ಪ ಹವಳ, ಎರಡು ಕ್ಲೀನರ್ ಸಿಗಡಿ. ಮೀನುಗಳೆಂದರೆ ಒಂದು ಜೋಡಿ ಕ್ಲೌನ್, ಒಂದು ರಾಯಲ್ ಗ್ರಾಮಾ, ಒಂದು ಗೋಬಿ, ಎರಡು ಕ್ರೋಮಿಸ್. ಮೂರು ವರ್ಷ ಯಾವ ತೊಂದರೆಯೂ ಇರಲಿಲ್ಲ. ಜುಲೈ ಮೊದಲ ವಾರ ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ನೀಲಿ ಟ್ಯಾಂಗ್ ಕಂಡಿತು. ಮೈಮೇಲೆ ಒಂದು ಕಲೆಯಿಲ್ಲ, ಚುರುಕಾಗಿ ತಿನ್ನುತ್ತಿತ್ತು. "ಸ್ವಲ್ಪ ದಿನ ಬೇರೆ ಇಡಬೇಕಾ?" ಎಂದು ಕೇಳಿದೆ. "ಏನೂ ಬೇಡ ಅಣ್ಣಾ, ನಮ್ಮಲ್ಲಿಗೆ ಬಂದು ಹದಿನೈದು ದಿನ ಆಯ್ತು, ಚೆನ್ನಾಗಿದೆ. ನೇರ ಬಿಟ್ಟುಬಿಡಿ" ಅಂದರು.

ನನಗೆ ಆಗ ಗೊತ್ತಿಲ್ಲದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಎಷ್ಟೋ ಅಂಗಡಿಗಳ ನೀರಿನಲ್ಲಿ ಸದಾ ಸ್ವಲ್ಪ ತಾಮ್ರದ ಔಷಧಿ ಇರುತ್ತದೆ, ಇಲ್ಲವೇ ಉಪ್ಪಿನಂಶ ಕಡಿಮೆ ಇರುತ್ತದೆ. ಅದರಿಂದ ರೋಗ ಸಾಯುವುದಿಲ್ಲ, ಅಡಗಿ ಕೂರುತ್ತದೆ. ನಮ್ಮ ಮನೆಯ ಔಷಧಿಯಿಲ್ಲದ ನೀರಿಗೆ ಬಂದ ಮೇಲೆ ತಲೆ ಎತ್ತುತ್ತದೆ. ಅಂಗಡಿಯ ಗಾಜಿನ ಹಿಂದೆ ಮೀನು ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ಆರೋಗ್ಯದ ಪುರಾವೆ ಎಂದು ನಂಬಬೇಡಿ.

ನಾಲ್ಕನೇ ದಿನ ಟ್ಯಾಂಗ್‌ನ ರೆಕ್ಕೆಯ ಮೇಲೆ ಉಪ್ಪಿನ ಹರಳಿನಂಥ ಏಳೆಂಟು ಚುಕ್ಕೆ. ಆಗಾಗ ಕಲ್ಲಿಗೆ ಮೈ ಉಜ್ಜುತ್ತಿತ್ತು. ಮೇವಿಗೆ ಬೆಳ್ಳುಳ್ಳಿ ರಸ ಬೆರೆಸಿ ಹಾಕಿದೆ. ಏಳನೇ ದಿನ ಒಂದು ಚುಕ್ಕೆಯೂ ಇಲ್ಲ! ಬೆಳ್ಳುಳ್ಳಿ ಕೆಲಸ ಮಾಡಿತು ಅಂತ ಸಮಾಧಾನ ಪಟ್ಟುಕೊಂಡೆ. ನಾನು ಕಳೆದುಕೊಂಡದ್ದೆಲ್ಲ ಆ ಸಮಾಧಾನದ ದಿನಗಳಲ್ಲೇ.

ಈ ಬಿಳಿ ಚುಕ್ಕೆಗೆ ಕಾರಣ ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್ ಎಂಬ ಪರೋಪಜೀವಿ. ಮೀನಿನ ಚರ್ಮದ ಒಳಗೆ ಮೂರರಿಂದ ಏಳು ದಿನ ಕೂತು ತಿಂದು, ಹೊಟ್ಟೆ ತುಂಬಿದ ಮೇಲೆ ತಾನಾಗಿಯೇ ಉದುರುತ್ತದೆ. ಮರಳಿಗೋ ಕಲ್ಲಿಗೋ ಅಂಟಿಕೊಂಡು ಗಟ್ಟಿ ಕೋಶ ಕಟ್ಟುತ್ತದೆ. ಒಂದು ಕೋಶ ಒಡೆದರೆ ನೂರಾರು ಮರಿಗಳು ನೀರಿಗೆ ಬಂದು ಒಂದೆರಡು ದಿನದೊಳಗೆ ಮೀನನ್ನು ಹುಡುಕಿಕೊಳ್ಳುತ್ತವೆ. ಅಂದರೆ ಚುಕ್ಕೆ ಮಾಯವಾದದ್ದು ಮೊದಲ ಸುತ್ತು ಮುಗಿದದ್ದಷ್ಟೇ. ಚರ್ಮದೊಳಗೆ ಇರುವಾಗ ಔಷಧಿ ತಾಗುವುದಿಲ್ಲ, ಕೋಶದೊಳಗೂ ತಾಗುವುದಿಲ್ಲ. ನೀರಿನಲ್ಲಿ ಈಜುವ ಆ ಸ್ವಲ್ಪ ಹೊತ್ತು ಮಾತ್ರ ಅದು ನಮ್ಮ ಕೈಗೆ ಸಿಗುವುದು.

ಕಕ್ಕಡ (ನಮ್ಮ ಕೊಡಗಿನ ಮಳೆಗಾಲದ ತಿಂಗಳು) ಶುರುವಾಗುವ ಹೊತ್ತಿಗೆ ಮಳೆ ಜೋರಾಯಿತು. ಲೈನ್ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲ. ಇನ್ವರ್ಟರ್ ಪಂಪಿಗೆ ಸಾಕಾಗುತ್ತಿತ್ತು, ಹೀಟರಿಗೆ ಸಾಲುತ್ತಿರಲಿಲ್ಲ. ನೀರು 26 ಡಿಗ್ರಿಯಿಂದ 21ಕ್ಕೆ ಇಳಿಯಿತು, ಮೀನುಗಳು ಸೊರಗಿದವು. ಕರೆಂಟ್ ಬಂದು ಲೈಟ್ ಹಾಕಿ ನೋಡಿದರೆ ಎಲ್ಲ ಮೀನುಗಳ ಮೈಮೇಲೂ ರವೆ ಚೆಲ್ಲಿದ ಹಾಗೆ. ಕಿವಿರಿಗೂ ಹತ್ತಿ ಉಸಿರಿಗಾಗಿ ಮೇಲಕ್ಕೆ ಬರುತ್ತಿದ್ದವು. ಮೊದಲು ಟ್ಯಾಂಗ್ ಸತ್ತಿತು, ಆಮೇಲೆ ಕ್ರೋಮಿಸ್ ಎರಡೂ, ಮರುದಿನ ಗ್ರಾಮಾ. ಕೊನೆಗೆ ಗಂಡು ಕ್ಲೌನ್. ಹೆಣ್ಣು ಮೊಟ್ಟೆ ಇಟ್ಟಾಗಲೆಲ್ಲ ಹಗಲೂ ರಾತ್ರಿ ರೆಕ್ಕೆ ಬೀಸಿ ಕಾಯುತ್ತಿದ್ದದ್ದು ಅದೇ. ಅದನ್ನು ತೆಗೆದು ಮಣ್ಣಿಗೆ ಹಾಕಿದ್ದು ಈಗಲೂ ಕಣ್ಣ ಮುಂದಿದೆ.

ಟ್ಯಾಂಕಿಗೇ ತಾಮ್ರ ಹಾಕುವಂತಿರಲಿಲ್ಲ. ಹವಳ, ಸಿಗಡಿ, ಬಸವನಹುಳು ಎಲ್ಲ ಸಾಯುತ್ತವೆ, ಕಲ್ಲುಗಳೂ ತಾಮ್ರ ಹೀರಿಕೊಳ್ಳುತ್ತವೆ. ಯಾರೋ ಸಿಹಿನೀರಿನ ಬಿಳಿಚುಕ್ಕೆ ಔಷಧಿ ಹಾಕಿ, ಶಾಖ 30ಕ್ಕೆ ಏರಿಸಿ ಅಂದರು. ಅದು ಬೇರೆಯೇ ಪರೋಪಜೀವಿಯ ಚಿಕಿತ್ಸೆ, ಇದಕ್ಕೆ ಪ್ರಯೋಜನವಿಲ್ಲ. ಜುಲೈ 28ರ ರಾತ್ರಿ ಕಲ್ಲುಗಳನ್ನೆಲ್ಲ ಎತ್ತಿ, ಉಳಿದ ಹೆಣ್ಣು ಕ್ಲೌನ್ ಮತ್ತು ಗೋಬಿಯನ್ನು ಹಿಡಿದು ಪ್ಲಾಸ್ಟಿಕ್ ಟಬ್‌ಗೆ ಹಾಕಿದೆ. ಟಬ್ಬಿನ ಫಿಲ್ಟರಿನಲ್ಲಿ ಮೀನಿನ ಕೊಳೆ ಕರಗಿಸುವ ಬ್ಯಾಕ್ಟೀರಿಯಾ ಇರಲಿಲ್ಲವಾದ್ದರಿಂದ ಅಮೋನಿಯಾ ಏರುತ್ತಲೇ ಹೋಯಿತು. ದಿನಾ ಅರ್ಧ ನೀರು ಬದಲಾಯಿಸಿ ಹೇಗೋ ಉಳಿಸಿಕೊಂಡೆ.

ಕೋಶದಿಂದ ಹೊರಬಂದ ಮರಿಗಳು ಮೀನು ಸಿಗದೆ ಸಾಯಲಿ ಎಂದು ದೊಡ್ಡ ಟ್ಯಾಂಕನ್ನು 76 ದಿನ ಮೀನಿಲ್ಲದೆ ಖಾಲಿ ಬಿಟ್ಟೆ. ಹೆಚ್ಚಿನ ಕೋಶಗಳು ನಾಲ್ಕು ವಾರದೊಳಗೆ ಒಡೆಯುತ್ತವೆ, ಆದರೆ 72 ದಿನದ ತನಕ ಕಾದು ಒಡೆದದ್ದೂ ದಾಖಲಾಗಿದೆ. ಅಕ್ಟೋಬರ್ 12ಕ್ಕೆ ಲೆಕ್ಕ ಮುಗಿಯಿತು. ತುಲಾ ಸಂಕ್ರಮಣದ ಹಿಂದಿನ ದಿನ ಎರಡೂ ಮೀನುಗಳು ವಾಪಸ್ ಬಂದವು.

ನಮ್ಮ ಅವ್ವ ಸಂತೆಯಿಂದ ಹೊಸ ಕೋಳಿ ತಂದರೆ ಹದಿನೈದು ದಿನ ಬೇರೆ ಗೂಡಿನಲ್ಲಿ ಮುಚ್ಚಿಟ್ಟು, ಆಮೇಲೆ ಹಳೆಯವುಗಳ ಜೊತೆ ಬಿಡುತ್ತಾರೆ. ಹುಟ್ಟಿದಾಗಿನಿಂದ ಅದನ್ನು ನೋಡಿ ಬೆಳೆದ ನಾನು ಮೀನಿಗೆ ಅದನ್ನೇ ಮಾಡಬೇಕಿತ್ತು.

ಖರ್ಚು ದೊಡ್ಡದಲ್ಲ. 60 ಲೀಟರಿನ ಟಬ್, ಒಂದು ಹೀಟರ್, ಅಡಗಲು ಪಿವಿಸಿ ಪೈಪಿನ ತುಂಡು, ಒಂದು ಸ್ಪಾಂಜ್ ಫಿಲ್ಟರ್. ಮರಳು, ಕಲ್ಲು ಬೇಡ. ಸ್ಪಾಂಜನ್ನು ಒಂದು ತಿಂಗಳು ಮೊದಲೇ ಟ್ಯಾಂಕಿನ ಸಂಪ್‌ನಲ್ಲಿ (ನೀರು ಶುದ್ಧವಾಗುವ ಕೆಳಗಿನ ತೊಟ್ಟಿಯಲ್ಲಿ) ಹಾಕಿಟ್ಟಿರಿ, ನನಗಾದ ಅಮೋನಿಯಾ ಕಷ್ಟ ನಿಮಗಾಗುವುದಿಲ್ಲ. ಟಬ್ಬಿನ ಉಪ್ಪಿನಂಶ ಮೀನು ಬಂದ ಚೀಲದ ನೀರಿಗೆ ಹೊಂದುವಂತಿರಲಿ, ಆಮೇಲೆ ನಿಧಾನವಾಗಿ ಸಾಪೇಕ್ಷ ಸಾಂದ್ರತೆ 1.025ಕ್ಕೆ, ಅಂದರೆ ಸಮುದ್ರದ ನೀರಿನ ಮಟ್ಟಕ್ಕೆ ಏರಿಸಿ. ತಾಮ್ರ ಹಾಕುವುದಾದರೆ ಟೆಸ್ಟ್ ಕಿಟ್ ಇಲ್ಲದೆ ಖಂಡಿತ ಹಾಕಬೇಡಿ: ಕಡಿಮೆಯಾದರೆ ರೋಗ ಉಳಿಯುತ್ತದೆ, ಹೆಚ್ಚಾದರೆ ಮೀನು ಸಾಯುತ್ತದೆ. ಅಯಾನಿಕ್ ತಾಮ್ರಕ್ಕೆ (ಬೇರೆ ಪದಾರ್ಥಕ್ಕೆ ಬೆಸೆಯದ ತಾಮ್ರ) ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಚೀಲೇಟೆಡ್, ಅಂದರೆ ಬೇರೆ ಪದಾರ್ಥಕ್ಕೆ ಬೆಸೆದ ತಾಮ್ರದ ಲೆಕ್ಕ ಬೇರೆ, ಅದರ ಬಾಟಲಿಯ ಮೇಲಿದ್ದಷ್ಟೇ ಹಾಕಿ. ಪೂರಾ 30 ದಿನ ಆ ಮಟ್ಟ ಇಳಿಯದಂತೆ ನೋಡಿಕೊಳ್ಳಿ. ಬಲೆ, ಮಗ್ಗು ಎಲ್ಲ ಟಬ್ಬಿಗೇ ಬೇರೆ ಇರಲಿ, ಒದ್ದೆ ಕೈಯನ್ನೂ ಅಲ್ಲಿಂದ ಇಲ್ಲಿಗೆ ಹಾಕಬೇಡಿ. ಹವಳದ ಬುಡದ ಕಲ್ಲಿಗೆ, ಬಸವನಹುಳುವಿನ ಚಿಪ್ಪಿಗೆ ಅಂಟಿಕೊಂಡೂ ಕೋಶ ಬರಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಮೈಮೇಲೆ ಚಿನ್ನದ ಪುಡಿಯಂತೆ ಕಂಡರೆ ಅದು ವೆಲ್ವೆಟ್ ಎಂಬ ಇನ್ನೊಂದು ರೋಗ, ಎರಡು ಮೂರು ದಿನದಲ್ಲೇ ಟ್ಯಾಂಕ್ ಖಾಲಿ ಮಾಡಬಲ್ಲದು. ಅದಕ್ಕೆ ಒಂದು ರಾತ್ರಿಯೂ ಕಾಯಬೇಡಿ.

ಈಗ ಟಬ್ಬಿನಲ್ಲಿ ಒಂದು ಮರಿ ಕ್ಲೌನ್ ಇದೆ, ಇವತ್ತಿಗೆ ಹತ್ತೊಂಬತ್ತನೇ ದಿನ. ನನ್ನ ಹತ್ತಿರ ತಾಮ್ರದ ಟೆಸ್ಟ್ ಕಿಟ್ ಇದೆ. ಮಡಿಕೇರಿ, ಕುಶಾಲನಗರದ ಕಡೆಯವರಿಗೆ ತುರ್ತು ಬಿದ್ದರೆ ಒಂದು ಬಾಟಲಿಯಲ್ಲಿ ನೀರು ತಂದುಕೊಡಿ, ಪರೀಕ್ಷೆ ಮಾಡಿಕೊಡುತ್ತೇನೆ.